ಟ್ಯಾಲಿ ಆಗದ ಓದಿಗೆ ನಾನು ರೆಡಿನಾ?

ಡಿಸೆಂಬರ್ ಮೊದಲ ವಾರ, ರಾತ್ರಿ ಹನ್ನೊಂದು ಗಂಟೆ. ಮನೆಯಿಂದಲೇ ಓದುವ ದೂರಶಿಕ್ಷಣದ ಎಂ.ಎ. ಇತಿಹಾಸಕ್ಕೆ ಅಡ್ಮಿಷನ್ ಫಾರಂ ಪೂರ್ತಿ ತುಂಬಿ, ಫೋಟೊ ಹಾಕಿ, ಸಹಿ ಸ್ಕ್ಯಾನ್ ಮಾಡಿ ಸೇರಿಸಿ, ದುಡ್ಡು ಕಟ್ಟುವ ಬಟನ್ ಹತ್ತಿರ ಬಂದು ನಿಂತೆ. ಫೀಸ್ ಕಟ್ಟಲಾಗದಷ್ಟೇನೂ ಇರಲಿಲ್ಲ. ಆದರೂ ಬೆರಳು ಮುಂದೆ ಹೋಗಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ, ದೋಸೆ ಹಿಟ್ಟಿಗೆ ಉಪ್ಪು ಹಾಕಿದ್ದೀನಾ ಅಂತ ನೋಡಿ, ಹೋಗಿ ಮಲಗಿದೆ.

ಸುಮ್ನೆ ಹೆದರಿದ್ದಲ್ಲ. 2021ರಲ್ಲಿ ಒಂದು ಸಲ ಕೈ ಸುಟ್ಟುಕೊಂಡಿದ್ದೇನೆ. ಆಗ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ ಸ್ವಯಂ ಪೋರ್ಟಲ್‌ನಲ್ಲಿ 12 ವಾರದ ಒಂದು ಕೋರ್ಸ್‌ಗೆ ಸೇರಿದ್ದೆ. ಸೇರೋಕೆ ದುಡ್ಡಿಲ್ಲ, ಪರೀಕ್ಷೆ ಬರೆಯೋದಾದರೆ ಮಾತ್ರ ಫೀಸ್. ಮೊದಲ ವಾರ ಪ್ರತಿ ವಿಡಿಯೊವನ್ನೂ ಎರಡೆರಡು ಸಲ ನೋಡಿದೆ. ಎರಡನೇ ವಾರ ಈರುಳ್ಳಿ ಹೆಚ್ಚುತ್ತಾ ನೋಡಿದೆ. ಮೂರನೇ ವಾರ 20ನೇ ತಾರೀಖು ಬಂತು. ಅಲ್ಲಿಗೆ ಮುಗೀತು.

20ನೇ ತಾರೀಖು ಅಂದರೆ ಏನು ಅಂತ ನಮ್ಮ ಕಸುಬಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾನು ಜಯನಗರದ ಒಂದು ಆಡಿಟರ್ ಆಫೀಸಿನಲ್ಲಿ ಹದಿನಾರು ವರ್ಷದಿಂದ ಲೆಕ್ಕ ನೋಡುತ್ತಿದ್ದೇನೆ. 7ಕ್ಕೆ ಟಿಡಿಎಸ್ ತೆರಿಗೆ ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಅನ್ನುವ ಜಿಎಸ್‌ಟಿ ರಿಟರ್ನ್ ಸಲ್ಲಿಸಬೇಕು. ಇದು ಪ್ರತಿ ತಿಂಗಳ ಪಾಡು. ಇದರ ಮೇಲೆ ಜುಲೈ ಕೊನೆ, ಸೆಪ್ಟೆಂಬರ್ ಕೊನೆ, ಮಾರ್ಚ್ ಕೊನೆ ಅಂತ ಮೂರು ಜಾತ್ರೆ. ಆ ದಿನಗಳಲ್ಲಿ ಮಗಳು ಎಷ್ಟನೇ ಕ್ಲಾಸು ಅಂತ ಕೇಳಿದರೂ ಒಂದು ಕ್ಷಣ ಯೋಚನೆ ಮಾಡಬೇಕು.

ಮತ್ತೆ ಇತಿಹಾಸ ಯಾಕೆ ಅಂತ ಕೇಳಬೇಡಿ. ಬಿ.ಕಾಂ. ಮಾಡಿದ್ದು ಕೆಲಸ ಸಿಗಲಿ ಅಂತ. ಆಗ ಮನೆಯಲ್ಲಿ ಆರ್ಟ್ಸ್ ಅಂದರೆ ಮಾರ್ಕ್ಸ್ ಕಡಿಮೆ ಬಂದವರು ಹೋಗುವ ಜಾಗ. ಈಗ ಅದನ್ನೇ ಹ್ಯುಮಾನಿಟೀಸ್ ಅಂತಾರೆ, ಮಾನವಿಕ ಅಂತಾರೆ, ಕೇಳೋಕೆ ಸ್ವಲ್ಪ ಗೌರವ ಬಂದಿದೆ. ನಲವತ್ತರ ಹತ್ತಿರ ಬಂದ ಮೇಲೆ ನನಗೆ ಬೇಕು ಅನ್ನಿಸಿದ್ದನ್ನು ಓದೋಣ ಅಂತ ಆಸೆ ಹುಟ್ಟಿತು, ಅಷ್ಟೇ.

ಆ ರಾತ್ರಿ ನಿದ್ದೆ ಬರದೆ, ಆನ್‌ಲೈನ್ ಓದಿಗೆ ನೀವು ಸಿದ್ಧರಾ ಅಂತ ಕೇಳುವ ಪ್ರಶ್ನಾವಳಿಗಳನ್ನು ಫೋನಿನಲ್ಲಿ ತೆಗೆದು ಒಂದೊಂದಾಗಿ ತುಂಬಿದೆ. ಇಂಟರ್ನೆಟ್ ಇದೆಯಾ? ಇದೆ. ಇಮೇಲ್ ಬಳಸಲು ಬರುತ್ತಾ? ದಿನಕ್ಕೆ ನೂರು ನೋಡುತ್ತೇನೆ. ನಿಮಗೆ ಶಿಸ್ತು ಇದೆಯಾ? ನಮ್ಮ ಆಫೀಸಿಗೆ ಬಂದು ನೋಡಿ. ಎಲ್ಲದಕ್ಕೂ ಟಿಕ್. ಫುಲ್ ಮಾರ್ಕ್ಸ್. ಹಾಗಿದ್ದರೆ 2021ರಲ್ಲಿ ಯಾಕೆ ಬಿಟ್ಟೆ? ಆ ಪಟ್ಟಿಗಳಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಅವು ಲ್ಯಾಪ್‌ಟಾಪ್ ರೆಡಿ ಇದೆಯಾ ಅಂತ ಕೇಳುತ್ತವೆ, ತಲೆ ರೆಡಿ ಇದೆಯಾ ಅಂತ ಕೇಳೋದಿಲ್ಲ.

ಅದಕ್ಕೇ ಫಾರಂ ಪಕ್ಕಕ್ಕಿಟ್ಟು ಡಿಸೆಂಬರ್ ಪೂರ್ತಿ ನನ್ನನ್ನೇ ಆಡಿಟ್ ಮಾಡಿಕೊಳ್ಳೋಣ ಅಂದುಕೊಂಡೆ. ದುಡ್ಡು ಕಟ್ಟದೆ ಒಂದೇ ಒಂದು ಯೂನಿಟ್ ಓದೋದು, ಒಂದೇ ಒಂದು ಉತ್ತರ ಬರೆಯೋದು. ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಪಾಠಗಳು ಅವರದೇ ಇ-ಜ್ಞಾನಕೋಶ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ, ಸೇರಿರಲಿ ಬಿಡಲಿ. ಯಾರೂ ಯಾಕೆ ಇದನ್ನು ಮೊದಲು ಹೇಳಲ್ಲವೋ! ಚಪ್ಪಲಿ ಕೊಳ್ಳುವಾಗಲೂ ಕಾಲಿಗೆ ಹಾಕಿ ನಾಲ್ಕು ಹೆಜ್ಜೆ ನಡೆದು ನೋಡುತ್ತೇವೆ, ಎರಡು ವರ್ಷದ ಡಿಗ್ರಿಗೆ ಮಾತ್ರ ಬರೀ ಬ್ರೋಷರ್ ನೋಡಿ ದುಡ್ಡು ಕಟ್ಟುತ್ತೇವೆ.

ಇತಿಹಾಸದ ಆಕರಗಳ, ಅಂದರೆ ಇತಿಹಾಸ ಬರೆಯೋಕೆ ಬೇಕಾದ ಆಧಾರಗಳ ಬಗ್ಗೆ ಇದ್ದ ಒಂದು ಯೂನಿಟ್ ಇಳಿಸಿಕೊಂಡೆ. 24 ಪುಟ. ನಾನು ದಿನಾ ದಾಸರಹಳ್ಳಿಯಲ್ಲಿ ಮೆಟ್ರೊ ಹತ್ತುತ್ತೇನೆ. ಬೆಳಿಗ್ಗೆ ಸೀಟು ಸಿಕ್ಕರೆ ಜಯನಗರದವರೆಗೆ ನಿರಾಳ, ಸಿಗದಿದ್ದರೆ ಯಶವಂತಪುರ ದಾಟಿದ ಮೇಲೆ ಫೋನ್ ಹಿಡಿಯೋಕೂ ಕೈ ಆಡಲ್ಲ. ಮೊದಲ ದಿನ ಸೀಟು ಸಿಕ್ಕಿತು. ಆರು ಪುಟ ಓದಿದೆ, ಖುಷಿಯಾಯಿತು. ರಾತ್ರಿ ಪಾತ್ರೆ ತೊಳೆಯುತ್ತಾ ಏನು ಓದಿದೆ ಅಂತ ನೆನಪಿಸಿಕೊಂಡೆ. ಏನೂ ಇಲ್ಲ. ಶಾಸನ ಅನ್ನುವ ಒಂದು ಪದ, ಮತ್ತೆ ಪೀಣ್ಯದಲ್ಲಿ ಹತ್ತಿದ ಒಬ್ಬರ ಮಲ್ಲಿಗೆ ಹೂವಿನ ವಾಸನೆ.

ಇಲ್ಲೇ ನನಗೆ ಮೊದಲ ಪೆಟ್ಟು ಬಿದ್ದಿದ್ದು. ನಾನು ದಿನಾ ಓದುವವಳು. ನೋಟಿಸ್ ಓದುತ್ತೇನೆ, ಸರ್ಕ್ಯುಲರ್ ಓದುತ್ತೇನೆ. ಅವುಗಳಲ್ಲಿ ಬೇಕಾದ ಸಾಲು ಎಲ್ಲಿದೆ ಅಂತ ಕಣ್ಣಿಗೆ ಗೊತ್ತು, ಉಳಿದಿದ್ದನ್ನು ಹಾರಿಸಿಬಿಡುತ್ತದೆ. ಈ ಪಾಠದಲ್ಲಿ ಬೇಕಾದ ಸಾಲು ಅಂತ ಯಾವುದೂ ಇಲ್ಲ. ಬರೆದವರು ಒಂದು ಮಾತು ಹೇಳುತ್ತಾರೆ, ಮುಂದಿನ ಪ್ಯಾರಾದಲ್ಲಿ ಅದಕ್ಕೆ ತಾವೇ ಅಡ್ಡ ಹಾಕುತ್ತಾರೆ, ಆಮೇಲೆ ಇನ್ಯಾರೋ ಹೀಗೂ ಹೇಳಿದ್ದಾರೆ ಅಂತಾರೆ. ಆಫೀಸಿನಲ್ಲಿ ಯಾರಾದರೂ ಹೀಗೆ ರಿಪೋರ್ಟ್ ಬರೆದರೆ ನಮ್ಮ ಸರ್ ಮುಖದ ಮೇಲೆ ಎಸೆಯುತ್ತಾರೆ.

ಎರಡನೇ ಸಲ ಪ್ರಿಂಟ್ ತೆಗೆದುಕೊಂಡೆ, ಪೆನ್ಸಿಲ್ ಹಿಡಿದು ಕೂತೆ. ‘ಹೌಎವರ್’ ಅಂತ ಬಂದ ಕಡೆಯೆಲ್ಲ ಸುತ್ತು ಹಾಕಿದೆ. 24 ಪುಟಕ್ಕೆ 17 ಸಲ. ಆ ಹದಿನೇಳು ಜಾಗಗಳಲ್ಲೇ ನಿಜವಾದ ಪಾಠ ಇದ್ದಿದ್ದು. ಒಂದೊಂದು ಪುಟಕ್ಕೂ ಪಕ್ಕದಲ್ಲಿ ಕನ್ನಡದಲ್ಲಿ ಒಂದೊಂದು ಸಾಲು ಗೀಚಿದೆ. ಹೀಗೆ ಓದೋಕೆ ನಾಲ್ಕು ಗಂಟೆ ಹಿಡಿಯಿತು. ನಾಲ್ಕು ಗಂಟೆ, ಒಂದು ಯೂನಿಟ್‌ಗೆ, ಅದೂ ಅರ್ಥ ಆಗಿದ್ದು ಮುಕ್ಕಾಲು ಪಾಲು.

ಲೆಕ್ಕದವಳು ನಾನು, ಲೆಕ್ಕ ಹಾಕದೆ ಇರುತ್ತೀನಾ? ಇಗ್ನೋದಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆ ಓದು. ಪಾಠ, ಅಸೈನ್‌ಮೆಂಟ್ ಎಲ್ಲಾ ಸೇರಿ. 8 ಕ್ರೆಡಿಟ್‌ನ ಒಂದು ಪತ್ರಿಕೆಗೆ 240 ಗಂಟೆ. ವರ್ಷಕ್ಕೆ ಅಂಥ ನಾಲ್ಕು ಪತ್ರಿಕೆ ಅಂದರೆ 960. ವಾರಕ್ಕೆ ಭಾಗಿಸಿದರೆ ಹದಿನೆಂಟೂವರೆ ಗಂಟೆ. ನನ್ನ ವಾರದಲ್ಲಿ ಅಡುಗೆ, ಆಫೀಸು, ಮೆಟ್ರೊ, ಮಗಳ ಗಣಿತ ಎಲ್ಲಾ ಕಳೆದು ಉಳಿಯೋದು ಎಷ್ಟು ಅಂತ ಒಂದು ವಾರ ಪ್ರಾಮಾಣಿಕವಾಗಿ ಬರೆದಿಟ್ಟೆ. ಏಳು ಗಂಟೆ. ಅದರಲ್ಲಿ ಎರಡು ಗಂಟೆ ಭಾನುವಾರ ಮಧ್ಯಾಹ್ನದ್ದು, ಅಂದರೆ ಊಟ ಆದ ಮೇಲೆ, ಅಂದರೆ ನಿದ್ದೆ. ನಮ್ಮ ಯಜಮಾನರಿಗೆ ಈ ಚೀಟಿ ತೋರಿಸಿದೆ. “ಅಡುಗೆ ಒಂದು ಹೊತ್ತು ನಾನು ನೋಡ್ಕೋತೀನಿ ಬಿಡು” ಅಂದರು. ಯಾವ ಹೊತ್ತು ಅಂತ ಹೇಳಲಿಲ್ಲ. ನಾನೂ ಆಮೇಲೆ ಕೇಳೋಣ ಅಂತ ಬಿಟ್ಟೆ.

ಇಷ್ಟಾದರೂ ಓದೋದು ಸುಲಭದ ಕೆಲಸ. ಬರೆಯೋದು ಬೇರೆ.

ನನ್ನ ಡಿಗ್ರಿ ಗೆಳತಿ ಒಬ್ಬಳು ಸರ್ಕಾರಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಾಳೆ. ನನಗೊಂದು ಪ್ರಶ್ನೆ ಕೊಡೇ, 500 ಪದ ಬರೆದು ಕಳಿಸ್ತೀನಿ, ಮುಲಾಜಿಲ್ಲದೆ ತಿದ್ದು ಅಂದೆ. ಅವಳು ಕೊಟ್ಟ ಪ್ರಶ್ನೆ ಇದು: ಬೆಂದಕಾಳೂರಿನ ಕತೆಯನ್ನು ಬೆಂಗಳೂರಿನ ಇತಿಹಾಸಕ್ಕೆ ಆಕರವಾಗಿ ಬಳಸಬಹುದೇ?

ಇದೇನು ಮಹಾ ಅನ್ನಿಸಿತು. ಕತೆ ಎಲ್ಲರಿಗೂ ಗೊತ್ತು. ಹೊಯ್ಸಳರ ವೀರಬಲ್ಲಾಳ ಬೇಟೆಗೆ ಬಂದು ದಾರಿ ತಪ್ಪಿದ, ಹಸಿದು ಬಂದವನಿಗೆ ಒಬ್ಬ ಅಜ್ಜಿ ಬೆಂದ ಕಾಳು ಕೊಟ್ಟಳು, ಊರಿಗೆ ಬೆಂದಕಾಳೂರು ಅಂತ ಹೆಸರಾಯಿತು. ಇನ್ನೊಂದು ಕಡೆ ಬೇಗೂರಿನ ಶಾಸನ ಇದೆ. ಅಲ್ಲಿನ ನಾಗೇಶ್ವರ ದೇವಸ್ಥಾನದ ಆವರಣದಲ್ಲಿ, ಸುಮಾರು ಕ್ರಿ.ಶ. 890ರದ್ದು, ಗಂಗರ ಕಾಲದ್ದು. ಅದರಲ್ಲಿ ಬೆಂಗಳೂರು ಕಾಳಗದ ಮಾತಿದೆ. ಎರಡನೇ ವೀರಬಲ್ಲಾಳ ಪಟ್ಟಕ್ಕೆ ಬಂದಿದ್ದು 1173ರಲ್ಲಿ. ನಡುವೆ ಮುನ್ನೂರು ವರ್ಷ ಇಲ್ಲ ಅಂದರೂ ಹತ್ತಿರ ಹತ್ತಿರ ಇದೆ. ರಾಜ ಬರುವ ಮೊದಲೇ ಊರಿಗೆ ಹೆಸರಿತ್ತು. ಕತೆ ಸುಳ್ಳು. ಎಂಟ್ರಿ ರಿವರ್ಸ್, ಪುಸ್ತಕ ಟ್ಯಾಲಿ, ಕೆಲಸ ಮುಗೀತು.

ಇಗ್ನೋದಲ್ಲಿ ಅಸೈನ್‌ಮೆಂಟ್ ಕೈಯಲ್ಲೇ ಬರೆದು ಕೊಡಬೇಕು, ಪರೀಕ್ಷೆಯೂ ಕೈಯಲ್ಲೇ, ಹಾಗಾಗಿ ನಾನೂ ಲಾಂಗ್ ಬುಕ್ ತಗೊಂಡು ಪೆನ್ನಿನಲ್ಲೇ ಬರೆಯೋಕೆ ಕೂತೆ. ಚೆಕ್ ಬರೆಯೋದು ಬಿಟ್ಟರೆ ಕೈಬರಹ ಬಿಟ್ಟು ಎಷ್ಟೋ ವರ್ಷ ಆಗಿತ್ತು. ಒಂದೂವರೆ ಪುಟಕ್ಕೆ ಹೆಬ್ಬೆರಳು ಹಿಡಿದುಕೊಂಡಿತು. ‘ಹೊಯ್ಸಳ’ ಬರೆಯುವಾಗ ಯ ಒತ್ತಾ, ಸ ಒತ್ತಾ ಅಂತ ಅನುಮಾನ ಬಂದು ಮಗಳನ್ನು ಕೇಳಿದೆ. ಅವಳು ಗೂಗಲ್ ಕೇಳಿದಳು. 260 ಪದಕ್ಕೆ ನನ್ನ ಹತ್ತಿರ ಹೇಳೋಕೆ ಇದ್ದಿದ್ದೆಲ್ಲ ಖಾಲಿ. ಉಳಿದಿದ್ದನ್ನು ಆ ಯೂನಿಟ್‌ನಿಂದಲೇ ಅಲ್ಲಿಷ್ಟು ಇಲ್ಲಿಷ್ಟು ಎತ್ತಿ ತುಂಬಿಸಿ, ಫೋಟೊ ತೆಗೆದು ಕಳಿಸಿದೆ.

ರಾತ್ರಿ ಅವಳೇ ಫೋನ್ ಮಾಡಿದಳು.

“ಅರ್ಧ ನಿಂದು, ಅರ್ಧ ಪುಸ್ತಕದ್ದು, ಅಲ್ವಾ?”

“ಗೊತ್ತಾಯ್ತಾ?”

“ನಿನ್ನ ಸಾಲೆಲ್ಲ ನಾಲ್ಕು ಪದ ಕಣೇ, ಪುಸ್ತಕದ ಸಾಲು ಮೂವತ್ತು. ಅದಿರಲಿ. ಶಾಸನ ಊರಿನ ಹೆಸರು ಹೇಗೆ ಬಂತು ಅಂತ ಹೇಳುತ್ತಾ?”

“ಇಲ್ಲ. ಹೆಸರು ಇತ್ತು ಅಂತ ಹೇಳುತ್ತೆ.”

“ಅಷ್ಟೇ ತಾನೇ? ಮತ್ತೆ ನೀನು ಯಾಕೆ ಅದಕ್ಕಿಂತ ಜಾಸ್ತಿ ಬರೆದಿದ್ದೀಯ? ಇನ್ನೊಂದು ವಿಷಯ. ಕತೆ ಸುಳ್ಳು ಅಂತ ಬರೆದು ಕೈ ತೊಳ್ಕೊಂಡಿದ್ದೀಯ. ಸುಳ್ಳು ಅಂತಾದ್ರೆ ಜನ ಇಷ್ಟು ಕಾಲ ಯಾಕೆ ಹೇಳ್ಕೊಂಡು ಬಂದ್ರು?”

ನನಗೆ ಮೊದಲು ಸಿಟ್ಟು ಬಂತು. ಆಮೇಲೆ ನಾಚಿಕೆ ಆಯಿತು. ಮೊದಲನೇ ಮಾತು ನನಗೆ ಹೊಳೆಯಬೇಕಿತ್ತು. ವೋಚರ್, ಅಂದರೆ ದುಡ್ಡು ಕೊಟ್ಟ ಚೀಟಿ ಇದ್ದರೆ ದುಡ್ಡು ಹೋಗಿದೆ ಅಂತ ಗೊತ್ತಾಗುತ್ತೆ, ಯಾಕೆ ಹೋಯಿತು ಅಂತ ವೋಚರ್ ನೋಡಿ ಹೇಳೋಕಾಗಲ್ಲ. ಇದನ್ನು ಆಫೀಸಿಗೆ ಸೇರುವ ಹೊಸ ಹುಡುಗರಿಗೆ ನಾನೇ ಹೇಳಿಕೊಡುತ್ತೇನೆ. ಎರಡನೇ ಮಾತಿಗೆ ಮಾತ್ರ ನನ್ನ ಕಸುಬಿನಲ್ಲಿ ಉತ್ತರ ಇಲ್ಲ. ನಮ್ಮಲ್ಲಿ ತಪ್ಪು ಎಂಟ್ರಿಯನ್ನು ತೆಗೆದುಹಾಕುತ್ತೇವೆ. ಅದು ಯಾಕೆ ಇಷ್ಟು ಚೆನ್ನಾಗಿದೆ ಅಂತ ಕೂತು ಯೋಚನೆ ಮಾಡಲ್ಲ.

ಆ ವಾರ ಅವರೆಕಾಯಿ ಶುರುವಾಗಿತ್ತು. ಭಾನುವಾರ ಅತ್ತೆ ಮೂರು ಕೆಜಿ ತರಿಸಿ, ಕಾಳು ಬಿಡಿಸಿ, ನೀರಿಗೆ ಹಾಕಿಟ್ಟಿದ್ದರು. ಹಿತಕಿದಬೇಳೆ ಸಾರಿಗೆ. ಸಂಜೆ ಇಬ್ಬರೂ ಹಾಲ್‌ನಲ್ಲಿ ನೆಲದ ಮೇಲೆ ತಟ್ಟೆ ಇಟ್ಟುಕೊಂಡು ಹಿತಕೋಕೆ ಕೂತೆವು. ಗೊತ್ತಲ್ಲ, ನೆನೆದ ಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಪುಳಕ್ ಅಂತ ಆಚೆ ಬರುತ್ತೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತೆ. ಸ್ವಲ್ಪ ಜೋರಾಗಿ ಒತ್ತಿದರೆ ಟಿವಿ ಕೆಳಗೆ ಹೋಗಿ ಬೀಳುತ್ತೆ. ಹೀಗೇ ಮಾತಿಗೆ ಅತ್ತೆಗೆ ಹೇಳಿದೆ, ಬೆಂದಕಾಳೂರಿನ ಕತೆ ನಿಜ ಅಲ್ಲವಂತೆ ಅತ್ತೆ, ಕಲ್ಲಿನ ಮೇಲೆ ಬರೆದಿದೆಯಂತೆ.

ಅವರು ಹಿತಕೋದು ನಿಲ್ಲಿಸಲಿಲ್ಲ. “ಇರಬಹುದಮ್ಮ. ಆದರೆ ನಮ್ಮಜ್ಜಿ ಈ ಕತೆ ಹೇಳ್ತಿದ್ದಿದ್ದೇ ಅವರೆಕಾಯಿ ಕಾಲದಲ್ಲಿ. ಕೈಗೆ ಕೆಲಸ ಕೊಟ್ಟು ಹೇಳೋರು. ನಾವು ರಾಜನ ವಿಷಯ ಕೇಳ್ತಾನೇ ಇರಲಿಲ್ಲ, ಅಜ್ಜಿ ಕಾಳಿಗೆ ಉಪ್ಪು ಹಾಕಿದ್ದಳಾ ಅಂತ ಕೇಳ್ತಿದ್ವಿ” ಅಂದರು.

ನಾನು ಕೈ ಒರೆಸಿಕೊಂಡು ಎದ್ದು ಹೋಗಿ ಲಾಂಗ್ ಬುಕ್‌ನಲ್ಲಿ ಇದನ್ನು ಬರೆದಿಟ್ಟೆ. ಯಾವ ಕಾಲದಲ್ಲಿ ಹೇಳುತ್ತಿದ್ದರು, ಯಾರು ಹೇಳುತ್ತಿದ್ದರು, ಕೇಳುವವರು ಏನು ಕೇಳುತ್ತಿದ್ದರು. ರಾಜ ನಿಜವೋ ಸುಳ್ಳೋ, ಹಸಿದು ಬಂದ ರಾಜನಿಗೆ ಮನೆಯಲ್ಲಿದ್ದ ಕಾಳು ಕೊಟ್ಟ ಅಜ್ಜಿಯ ಕತೆಯನ್ನು ಹೆಂಗಸರು ಕಾಳು ಬಿಡಿಸುತ್ತಾ ಮಕ್ಕಳಿಗೆ ಹೇಳುತ್ತಿದ್ದರು ಅನ್ನುವುದಂತೂ ನಮ್ಮ ಮನೆ ಮಟ್ಟಿಗೆ ನಿಜ. ಕತೆ ಹನ್ನೆರಡನೇ ಶತಮಾನಕ್ಕೆ ಆಕರ ಆಗದೆ ಇರಬಹುದು. ಹೇಳಿದವರ ಕಾಲಕ್ಕೆ ಆಗುತ್ತೆ. ಇದು ಹೊಳೆದಾಗ ಆದ ಖುಷಿ, ನಿಜ ಹೇಳಬೇಕೆಂದರೆ, ಹದಿನಾರು ವರ್ಷದಲ್ಲಿ ಯಾವ ಬ್ಯಾಲೆನ್ಸ್ ಶೀಟ್ ಟ್ಯಾಲಿ ಆದಾಗಲೂ ಆಗಿಲ್ಲ. ಅವತ್ತಿನ ಸಾರಿಗೆ ಉಪ್ಪು ನಾನೂ ಹಾಕಿದ್ದೆ, ಅತ್ತೆಯೂ ಹಾಕಿದ್ದರು, ಅದು ಬೇರೆ ವಿಷಯ.

ನಡುವೆ ಒಂದು ಕಳ್ಳ ಕೆಲಸವನ್ನೂ ಮಾಡಿದೆ. ಅದೇ ಪ್ರಶ್ನೆಯನ್ನು ಚಾಟ್‌ಜಿಪಿಟಿಗೆ ಹಾಕಿದೆ. ಅರ್ಧ ನಿಮಿಷದಲ್ಲಿ 500 ಪದ, ಒಂದು ಒತ್ತಕ್ಷರ ತಪ್ಪಿಲ್ಲ. ಅದನ್ನೇ ಬರೆದು ಕೊಡಬಹುದಿತ್ತು. ಆದರೆ ಅದು ಬೇರೆಯವರು ಮಾಡಿದ ಲೆಕ್ಕಕ್ಕೆ ನಾನು ಸೈನ್ ಹಾಕಿದ ಹಾಗೆ. ಅಂಥ ಸೈನ್ ಹಾಕಿದವರ ಗತಿ ಏನಾಗುತ್ತೆ ಅಂತ ನಮ್ಮ ಲೈನಿನಲ್ಲಿ ಎಲ್ಲರಿಗೂ ಗೊತ್ತು. ಮೇಲಾಗಿ ಅದರಲ್ಲಿ ಅತ್ತೆಯ ಅಜ್ಜಿ ಇರಲಿಲ್ಲ.

ಭಾಷೆಯ ವಿಷಯ ಒಂದಿದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ನಾನು ಹತ್ತನೇ ಕ್ಲಾಸ್‌ವರೆಗೆ ತಿಪಟೂರಿನಲ್ಲಿ ಕನ್ನಡ ಮೀಡಿಯಂ. ಇಂಗ್ಲಿಷ್ ಬರುತ್ತೆ, ಅಂದರೆ ಇಲಾಖೆಯ ನೋಟಿಸಿಗೆ ಉತ್ತರ ಬರೆಯುವಷ್ಟು. ಆ ಇಂಗ್ಲಿಷ್‌ನಲ್ಲಿ ಅನುಮಾನಕ್ಕೆ ಜಾಗ ಇಲ್ಲ. ಇತಿಹಾಸದ ಉತ್ತರದಲ್ಲಿ ಪೂರ್ತಿ ಅನುಮಾನವೇ. ಇರಬಹುದು, ಇಷ್ಟರ ಮಟ್ಟಿಗೆ ಮಾತ್ರ, ಹೀಗೂ ನೋಡಬಹುದು. ಇದನ್ನೆಲ್ಲ ಇಂಗ್ಲಿಷ್‌ನಲ್ಲಿ ಹೇಳೋಕೆ ಹೋದರೆ ನನ್ನ ಬುದ್ಧಿ ಎಂಟನೇ ಕ್ಲಾಸಿಗೆ ಇಳಿಯುತ್ತೆ. ಇಗ್ನೋದ ಎಂ.ಎ. ಇತಿಹಾಸ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಮೈಸೂರಿನ ನಮ್ಮ ಮುಕ್ತ ವಿಶ್ವವಿದ್ಯಾಲಯದಲ್ಲಿ ಕನ್ನಡದಲ್ಲೂ ಬರೆಯಬಹುದು. ಕನ್ನಡದಲ್ಲಿ ಓದಿದರೆ ಬೆಲೆ ಕಡಿಮೆ ಅನ್ನುವವರು ಸಿಗುತ್ತಾರೆ. ನನಗೆ ಪ್ರಮೋಷನ್ ಬೇಕಾಗಿಲ್ಲ, ಯೋಚನೆ ಮಾಡೋಕೆ ಜಾಗ ಬೇಕು. ಯಾಕೆ ಓದುತ್ತಿದ್ದೇವೆ ಅನ್ನೋದರ ಮೇಲೆ ಇದು ನಿಂತಿದೆ. ಲೆಕ್ಚರರ್ ಆಗಬೇಕು ಅನ್ನುವವರ ಲೆಕ್ಕ ಬೇರೆ ಇರುತ್ತದೆ.

ಹಾಂ, ಎಲ್ಲಿಗೇ ಸೇರಿ, ಆ ವಿಶ್ವವಿದ್ಯಾಲಯಕ್ಕೆ, ಆ ಕೋರ್ಸ್‌ಗೆ, ಆ ವರ್ಷಕ್ಕೆ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ದೂರಶಿಕ್ಷಣ ಬ್ಯೂರೊ ಒಪ್ಪಿಗೆ ಇದೆಯಾ ಅಂತ ಆ ಬ್ಯೂರೊದ ವೆಬ್‌ಸೈಟಿನಲ್ಲೇ ನೋಡಿ. ದೂರಶಿಕ್ಷಣ ಮತ್ತು ಆನ್‌ಲೈನ್ ಎರಡೂ ಬೇರೆ ಬೇರೆ ಪಟ್ಟಿ. ಒಪ್ಪಿಗೆ ಇರುವ ಕಡೆ ಓದಿದರೆ ಎರಡೂ ರೆಗ್ಯುಲರ್ ಡಿಗ್ರಿಗೆ ಸಮ ಅಂತ 2022ರಲ್ಲಿ ಯುಜಿಸಿ ಹೇಳಿದೆ. ನಾನು ಎಲ್ಲೋ ನಂಬರ್ ಕೊಟ್ಟಿದ್ದಕ್ಕೆ ಒಂದು ಕಂಪನಿಯ ಹುಡುಗ ದಿನಾ ಫೋನ್ ಮಾಡುತ್ತಿದ್ದ. “ಮೇಡಂ, ಇನ್ನು ಎರಡೇ ಸೀಟು ಇರೋದು, ಇಎಂಐ ಇದೆ.” ಆನ್‌ಲೈನ್ ಕೋರ್ಸ್‌ಗೆ ಸೀಟು ಹೇಗಪ್ಪಾ ಮುಗಿಯುತ್ತೆ, ನಿಂತುಕೊಂಡು ಓದಬೇಕಾ ಅಂದೆ. ಆ ಕಡೆಯಿಂದ ಮಾತೇ ಇಲ್ಲ.

ಈಗ ತೀರ್ಮಾನ. ಎಂ.ಎ. ಈ ಜನವರಿಗೆ ಇಲ್ಲ. ಏಳು ಗಂಟೆ ಇಟ್ಟುಕೊಂಡು ಹದಿನೆಂಟೂವರೆ ಗಂಟೆಯ ಬಿಲ್ ಕಟ್ಟೋಕಾಗಲ್ಲ. ಓದೋಕೆ ರೆಡಿ ಇದ್ದೀನಿ, ಬರೆಯೋಕೆ ಇನ್ನೂ ಅರ್ಧ ರೆಡಿ. ಹಾಗಂತ ಬಿಡೋಕೂ ಮನಸ್ಸಿಲ್ಲ. ಹಾಗಾಗಿ ಸ್ವಯಂನಲ್ಲಿ ಐಐಟಿ, ಐಐಎಸ್‌ಸಿಗಳು ಸೇರಿ ನಡೆಸುವ ಎನ್‌ಪಿಟಿಇಎಲ್‌ನ ಒಂದೇ ಒಂದು 8 ವಾರದ ಕೋರ್ಸ್‌ಗೆ ಹೆಸರು ಕೊಟ್ಟಿದ್ದೇನೆ. 2021ರಲ್ಲಿ ನಾನು ಓದದೇ ಬಿಟ್ಟಿದ್ದ ನಿಯಮವನ್ನು ಈ ಸಲ ನೋಟಿಸ್ ಓದುವ ಹಾಗೆ ಓದಿದೆ. ಪರೀಕ್ಷೆಗೆ 75, ವಾರವಾರದ ಅಸೈನ್‌ಮೆಂಟ್‌ಗೆ 25. 8 ವಾರದ ಕೋರ್ಸ್ ಆದರೆ ಅಸೈನ್‌ಮೆಂಟ್‌ಗಳಲ್ಲಿ ಒಳ್ಳೆಯ 6 ಮಾತ್ರ ಲೆಕ್ಕಕ್ಕೆ. ಅಂದರೆ ಎರಡು ವಾರ ಮಾಫಿ. ಎಂಟು ವಾರದಲ್ಲಿ 20ನೇ ತಾರೀಖು ಹೆಚ್ಚೆಂದರೆ ಎರಡು ಸಲ ಬರುತ್ತೆ. ಇದೊಂದು ಟ್ಯಾಲಿ ಆಯಿತು ನೋಡಿ! ಆಗ 12 ವಾರದ ಕೋರ್ಸ್‌ನಲ್ಲಿ ಒಳ್ಳೆಯ 8 ಸಾಕಿತ್ತು ಅಂತ ಈಗ ಗೊತ್ತಾಗಿ, ಮೂರನೇ ವಾರಕ್ಕೇ ಬಿಟ್ಟವಳಿಗೆ ಹೊಟ್ಟೆ ಉರಿಯಿತು.

ಬೆಂದಕಾಳೂರಿನ ಉತ್ತರ ಮತ್ತೆ ಬರೆದಿದ್ದೇನೆ. ಈ ಸಲ 410 ಪದ, ಎಲ್ಲಾ ನನ್ನದೇ. ಗೆಳತಿ ಎರಡನೇ ಪ್ಯಾರಾ ಪಕ್ಕದಲ್ಲಿ ‘ಅತ್ತೆಯ ಅಜ್ಜಿ ಯಾವ ಊರು? ಕೇಳು’ ಅಂತ ಕೆಂಪಲ್ಲಿ ಬರೆದು ವಾಪಸ್ ಕಳಿಸಿದ್ದಾಳೆ. ಅತ್ತೆ ಈಗ ಮಗಳ ಮನೆಗೆ ಹೋಗಿದ್ದಾರೆ, ಸಂಕ್ರಾಂತಿಗೆ ಬರುತ್ತಾರೆ. ಬಂದ ಮೇಲೆ ಕೇಳಬೇಕು.